ಮೊದಲ ಸಾಲಿನ ‘ಇಲ್ರಿ ಸರ್’

ನಮ್ಮ ಕಡೆ ಮಕ್ಕಳಿಗೆ ಅಕ್ಷರ ಬರುವ ಮೊದಲೇ ಮನೆಯಲ್ಲಿ ಒಂದು ಮಾತು ರೂಢಿ ಮಾಡಿಸಿರುತ್ತಾರೆ. ಹಿರಿಯರು ಏನು ಕೇಳಿದರೂ ‘ಹೌದ್ರಿ’ ಅನ್ನಬೇಕು. ತಿಳಿದರೂ ಹೌದ್ರಿ, ತಿಳಿಯದಿದ್ದರೂ ಹೌದ್ರಿ. ಅದರಲ್ಲೂ ಶಾಲೆಯ ಮಾಸ್ತರ ಮುಂದೆ ನಿಂತು ‘ನನಗ ತಿಳೀಲಿಲ್ಲ’ ಅಂದರೆ, ನಿಮಗೆ ಹೇಳಿಕೊಡಲು ಬರಲಿಲ್ಲ ಅಂತ ಅವರ ಮುಖಕ್ಕೇ ಅಂದ ಹಾಗೆ. ಅಷ್ಟು ಸೊಕ್ಕು ನಮ್ಮ ಮಕ್ಕಳಿಗೆ ಬರುವುದಿಲ್ಲ. ನಾನೂ ಅಫಜಲಪುರದ ಶಾಲೆಯಲ್ಲಿ ಹಾಗೇ ಹೌದ್ರಿ, ಹೌದ್ರಿ ಅನ್ನುತ್ತ ಓದಿದವನು. ಭಾಗಾಕಾರ ನನಗೆ ನಿಜವಾಗಿ ತಿಳಿದದ್ದು, ಮುಂದೆ ಅದನ್ನು ಬೇರೆಯವರಿಗೆ ಕಲಿಸುವ ಪಾಳಿ ಬಂದಾಗ.

ಹೀಗಾಗಿ ಜೇವರ್ಗಿ ತಾಲ್ಲೂಕಿನಲ್ಲಿ, ಇಜೇರಿಯ ಆಚೆಗಿನ ಒಂದು ಹಳ್ಳಿ ಶಾಲೆಗೆ ಗಣಿತದ ಮಾಸ್ತರನಾಗಿ ಹೋದ ಮೇಲೆ ಮಕ್ಕಳ ಬಾಯಿಮಾತನ್ನು ನಂಬುವುದನ್ನು ನಾನು ಬೇಗನೇ ಬಿಟ್ಟೆ. ಬಾಯಿ ಹೌದ್ರಿ ಅನ್ನುವಾಗ ಹುಬ್ಬು ಏನನ್ನುತ್ತದೆ, ಪೆನ್ನು ಹಿಡಿದ ಕೈ ಯಾಕೆ ನಿಂತಿದೆ, ಹಿಂದಿನ ಬೆಂಚಿನವನು ಯಾಕೆ ಇದ್ದಕ್ಕಿದ್ದಂತೆ ಇಷ್ಟು ಸಭ್ಯನಾದ, ಇದನ್ನೆಲ್ಲ ನೋಡಿಕೊಂಡು ಪಾಠ ಮುಂದೆ ಓಡಿಸಬೇಕೋ ಹಿಂದೆ ತರಬೇಕೋ ಅಂತ ನಿರ್ಧರಿಸುತ್ತಿದ್ದೆ. ಮಾಸ್ತರಿಕೆ ಅಂದರೆ ಮುಕ್ಕಾಲು ಪಾಲು ಇದೇ. ಉಳಿದದ್ದು ಪುಸ್ತಕದಲ್ಲಿ ಇದ್ದೇ ಇರುತ್ತದೆ.

ಇಂಥ ಹೌದ್ರಿಗಳ ತರಗತಿಯಲ್ಲಿ ಒಬ್ಬಳೇ ಒಬ್ಬಳು ‘ಇಲ್ರಿ’ ಅನ್ನುವ ಹುಡುಗಿ ಇದ್ದಳು. ಐದನೇ ಇಯತ್ತೆ, ಮೊದಲ ಸಾಲು, ಬಾಗಿಲ ಪಕ್ಕದ ಜಾಗ. ಪಾಠದ ನಡುವೆ ನಾನು ‘ತಿಳೀತೇನು?’ ಅಂದರೆ ಇಡೀ ಕೋಣೆ ‘ಹೌದ್ರಿ ಸರ್’ ಅನ್ನುತ್ತಿತ್ತು. ಆ ಗದ್ದಲ ಇಳಿದ ಮೇಲೆ ಒಂದು ದನಿ ಸಾವಕಾಶವಾಗಿ, ಏರಿಳಿತವಿಲ್ಲದೆ, ಬೇಕಾದ್ದಕ್ಕಿಂತ ಜೋರಾಗಿ ‘ಇಲ್ರಿ ಸರ್’ ಅನ್ನುತ್ತಿತ್ತು.

ಸಣ್ಣವಳಿದ್ದಾಗ ಬಂದ ಜ್ವರದಲ್ಲಿ ಅವಳ ಕಿವಿ ಹೋಗಿತ್ತು. ಅಷ್ಟರಲ್ಲಿ ಮಾತು ಬಂದಿದ್ದರಿಂದ ಮಾತು ಉಳಿದುಕೊಂಡಿತ್ತು. ಅಪ್ಪ ಜೇವರ್ಗಿಗೆ ಟಂಟಂ ಆಟೋ ಓಡಿಸುವವನು, ಅಮ್ಮ ಹೊಲಗೆಲಸಕ್ಕೆ ಹೋಗುವವಳು, ಮನೆಯ ಮಾತು ಉರ್ದು. ಆರೋಗ್ಯ ಶಿಬಿರದಲ್ಲಿ ಯಾರೋ ಒಂದು ಕಿವಿಯ ಯಂತ್ರ ಕೊಟ್ಟಿದ್ದರು. ಹಾಕಿಕೊಂಡರೆ ಅದು ಕುಂಯ್ ಅಂತ ಕೂಗುತ್ತಿತ್ತು, ಹೊರಗಿನ ಟ್ರ್ಯಾಕ್ಟರು, ಒಳಗಿನ ಮಕ್ಕಳು, ಎಲ್ಲವೂ ಒಂದೇ ಗದ್ದಲವಾಗಿ ತಲೆಗೆ ಬಡಿಯುತ್ತಿತ್ತಂತೆ. ಅವಳು ಅದನ್ನು ಕಿತ್ತು ಡಬ್ಬಿಯಲ್ಲಿಟ್ಟು ಮತ್ತೆ ಮುಟ್ಟಿರಲಿಲ್ಲ. ಮನೆಯವರು ‘ನಮ್ಮ ಹುಡುಗಿ ಸ್ವಲ್ಪ ಮಬ್ಬು’ ಅನ್ನುತ್ತಿದ್ದರು. ಕಿವುಡಿ ಅಂದರೆ ಮುಂದೆ ಸಂಬಂಧ ಕೂಡಿಬರಲಿಕ್ಕಿಲ್ಲ ಅಂತ ಅವರಿಗೆ ಅಂಜಿಕೆ.

ಆದರೆ ಅವಳು ಮಬ್ಬೂ ಅಲ್ಲ, ಏನೂ ಅಲ್ಲ. ಮಾತಾಡುವವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಇದು ನನಗೆ ಹೊಳೆದದ್ದೇ ತಡವಾಗಿ. ನಾನು ಬೋರ್ಡಿನ ಕಡೆ ತಿರುಗಿ ಬರೆಯುತ್ತ ಮಾತಾಡಿದರೆ ಸಾಕು, ಬೆನ್ನ ಹಿಂದಿನಿಂದ ‘ಇಲ್ರಿ’ ಬರುತ್ತಿತ್ತು. ಎದುರಿಗೆ ನಿಂತು ಹೇಳಿದರೂ ಎಷ್ಟೋ ಸಲ ‘ಇಲ್ರಿ’. ನನಗೆ ತಲೆ ಕೆಟ್ಟುಹೋಗುತ್ತಿತ್ತು. ಮೂರನೇ ಇಯತ್ತೆಯಿಂದ ಅವಳನ್ನು ಬಲ್ಲ ಟೀಚರ್ ಒಬ್ಬರು ಬಿಸಿಯೂಟದ ಹೊತ್ತಿಗೆ ನಗುತ್ತ ಹೇಳಿದರು: “ಸರ್, ಅಕಿ ತುಟಿ ನೋಡ್ತಾಳ್ರಿ. ನಿಮ್ಮ ಮೀಸಿ ಅಡ್ಡ ಬರಾಕತ್ತದ.”

ನನ್ನ ಮೀಸೆಯ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ದಪ್ಪ ಮೀಸೆ. ಮೇಲಿನ ತುಟಿಯನ್ನು ಪೂರ್ತಿ ಮುಚ್ಚಿಕೊಂಡಿತ್ತು. ಸಿಟ್ಟಿನ ಮಾಸ್ತರ ಅಂತ ನನಗಿದ್ದ ಹೆಸರಿನಲ್ಲಿ ಅರ್ಧ ಪಾಲು ಅದಕ್ಕೇ ಸಲ್ಲಬೇಕು. ಅದನ್ನು ಒಂದು ಭಾನುವಾರ ಅಫಜಲಪುರದ ನಮ್ಮ ಕ್ಷೌರದವನ ಮುಂದೆ ಕೂತು ತೆಗೆಸಿಬಿಟ್ಟೆ. ಅವನು ಕತ್ತರಿ ಹಿಡಿದುಕೊಂಡೇ ಮೂರು ಸಲ ‘ಖರೇನೇನ್ರಿ ಸರ್?’ ಅಂದ. ನಮ್ಮಲ್ಲಿ ಗಂಡಸು ಮೀಸೆ ಬೋಳಿಸುವುದು ತಂದೆ ತಾಯಿ ತೀರಿಕೊಂಡಾಗ. ಸೋಮವಾರ ನಾನು ಬಸ್ಸಿಳಿದದ್ದೇ ತಡ, ಊರಿನ ಜನ ಮುಖ ಸಪ್ಪೆ ಮಾಡಿಕೊಂಡು ಬಳಿಗೆ ಬಂದರು. ಚಹಾದಂಗಡಿಯವನು ಚಹಾ ಕೊಟ್ಟು, “ಯಾವಾಗ ಆತ್ರಿ ಸರ್? ಅಪ್ಪಾರೋ ಅವ್ವಾರೋ?” ಅಂದ. ನಮ್ಮಪ್ಪ ಅಫಜಲಪುರದಲ್ಲಿ ಗಟ್ಟಿಮುಟ್ಟಾಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಏನೂ ಆಗಿಲ್ಲ ಅಂದರೆ ಪಾಪ, ದುಃಖದಲ್ಲಿ ಹಾಗನ್ನುತ್ತಾನೆ ಅಂದುಕೊಂಡರು.

ತರಗತಿಗೆ ಹೋದೆ. ಹುಡುಗರು ತಲೆ ತಗ್ಗಿಸಿ ನಗು ನುಂಗುತ್ತಿದ್ದರು. ಆ ಹುಡುಗಿ ಮಾತ್ರ ನನ್ನ ಬರಿ ತುಟಿಯನ್ನು ಕಣ್ಣರಳಿಸಿ ನೋಡಿದಳು. ನಾನು ಭಿನ್ನರಾಶಿ ಶುರು ಮಾಡಿದೆ. ಪಾಠ ಮುಗಿಸಿ ‘ತಿಳೀತೇನು?’ ಅಂದೆ. ಎಲ್ಲರ ಹೌದ್ರಿ ಆದ ಮೇಲೆ, ಅವಳೂ ‘ಹೌದ್ರಿ ಸರ್’ ಅಂದಳು. ಬೋರ್ಡಿಗೆ ಕರೆದು ಲೆಕ್ಕ ಕೊಟ್ಟರೆ ತಡವರಿಸದೆ ಮಾಡಿದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೀಸೆ ಹೋದದ್ದು ಹೋಗಲಿ ಅನ್ನಿಸಿತು.

ಅಂದಿನಿಂದ ಅವಳ ಹೌದ್ರಿಗೆ ಒಂದು ಬೆಲೆ ಬಂತು, ಯಾಕೆಂದರೆ ಅವಳ ಬಾಯಲ್ಲಿ ‘ಇಲ್ರಿ’ಯೂ ಇತ್ತು. ಅವಳು ಇಲ್ರಿ ಅಂದಾಗ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಅರ್ಧ, ಕಾಲು, ಮುಕ್ಕಾಲು ಅಂತ ಬೋರ್ಡಿನಲ್ಲಿ ಗೀಚಿ ಸಾಕಾಗಿ, ನನ್ನ ಬುತ್ತಿಯ ಜೋಳದ ರೊಟ್ಟಿಯನ್ನೇ ತಂದು ಎಲ್ಲರ ಮುಂದೆ ಮುರಿದದ್ದು ಅವಳ ಒಂದು ಇಲ್ರಿಯ ಸಲುವಾಗಿ. ಒಣಗಿ ಗಟ್ಟಿಯಾದ ಕಟಿ ರೊಟ್ಟಿ, ನಾನು ಹೇಳಿದ ಕಡೆ ಮುರಿಯಲಿಲ್ಲ. ಕಾಲು ಭಾಗ ಅಂತ ನಾನು ಎತ್ತಿ ಹಿಡಿದ ಚೂರು ನೋಡಿ ಅವಳು ‘ಇಲ್ರಿ ಸರ್, ಇದು ಸಣ್ಣದು’ ಅಂದಳು. ಕೋಣೆಯೆಲ್ಲ ನಕ್ಕಿತು. ಆದರೆ ಭಾಗಗಳು ಸಮ ಇರಬೇಕು ಅನ್ನುವುದು ಆ ದಿನ ಎಲ್ಲರಿಗೂ ತಿಳಿದುಬಿಟ್ಟಿತು.

ಕ್ರಮೇಣ ಉಳಿದ ಮಕ್ಕಳು ಅವಳನ್ನು ತಮ್ಮ ವಕೀಲಳನ್ನಾಗಿ ಮಾಡಿಕೊಂಡರು. ತಮಗೆ ತಿಳಿಯದಿದ್ದರೆ ತಾವು ಹೌದ್ರಿ ಅಂದು, ಹಿಂದಿನಿಂದ ಅವಳ ಬೆನ್ನಿಗೆ ತಿವಿಯುತ್ತಿದ್ದರು, ನೀನು ಇಲ್ರಿ ಅನ್ನು ಅಂತ. ಅವಳಿಗೆ ತಿಳಿದಿದ್ದರೆ ಸುತರಾಂ ಅನ್ನುತ್ತಿರಲಿಲ್ಲ. ತಿರುಗಿ ನೋಡಿ ಕಣ್ಣು ಬಿಡುತ್ತಿದ್ದಳು. ನಾನು ಇದನ್ನೆಲ್ಲ ಕಂಡೂ ಕಾಣದವನಂತೆ ಇನ್ನೊಮ್ಮೆ ಹೇಳಿಕೊಡುತ್ತಿದ್ದೆ. ನನ್ನ ನೌಕರಿಯಲ್ಲಿ ಅದಕ್ಕಿಂತ ಒಳ್ಳೆಯ ವರ್ಷ ಇನ್ನೊಂದಿಲ್ಲ.

ಆಮೇಲೆ ಎಲ್ಲ ಕಡೆ ಬೇನೆ ಬಂತು, ಶಾಲೆ ಮುಚ್ಚಿತು. ಹದಿನೈದು ದಿನ ಇರಬಹುದು ಅಂತ ನಾನು ವಾರವೆಲ್ಲ ಇರುತ್ತಿದ್ದ ಜೇವರ್ಗಿಯ ಬಾಡಿಗೆ ಕೋಣೆಯಲ್ಲಿ ಎರಡು ಅಂಗಿ ಬಿಟ್ಟು ಅಫಜಲಪುರಕ್ಕೆ ಬಂದೆ. ನಡುವೆ ಭೀಮಾ ನದಿ, ಅದರ ಮೇಲಿನ ಸೇತುವೆಗೆ ಪೊಲೀಸರ ಕಾವಲು. ಆ ಅಂಗಿಗಳ ಮುಖ ನಾನು ಮತ್ತೆ ನೋಡಿದಾಗ ಅವುಗಳನ್ನು ಇಲಿಗಳು ಕಡಿದಿದ್ದವು.

ಸ್ವಲ್ಪ ದಿನಕ್ಕೆ, ಮನೆಯಲ್ಲೇ ಕೂತು ಫೋನಿನಲ್ಲಿ ಪಾಠ ಮಾಡಿರಿ ಅಂತ ಆದೇಶ ಬಂತು. ವಾಟ್ಸಾಪ್ ಗುಂಪು ಮಾಡಿದೆವು. ಕೆಲವರ ಮನೆಯಲ್ಲಿ ದೊಡ್ಡ ಫೋನು ಇತ್ತು, ಹಲವರ ಮನೆಯಲ್ಲಿ ಇರಲಿಲ್ಲ, ಇದ್ದವರಿಗೆ ನೆಟ್‌ವರ್ಕ್ ಇರಲಿಲ್ಲ. ನಾನು ನಮ್ಮ ಮನೆಯ ತೊಗರಿ ಚೀಲ ಇಡುವ ಕೋಣೆಯಲ್ಲಿ ಕೂತು ಪಾಠ ರೆಕಾರ್ಡ್ ಮಾಡುತ್ತಿದ್ದೆ. ಅಲ್ಲಿ ದನಿ ಮರುಗುಡುತ್ತಿರಲಿಲ್ಲ. ನಡುನಡುವೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಅದೂ ಪಾಠದಲ್ಲಿ ಸೇರಿಕೊಳ್ಳುತ್ತಿತ್ತು. ಗೋಡೆಗೆ ಮುಖ ಮಾಡಿ ‘ಮಕ್ಕಳೇ’ ಅನ್ನುವಾಗ ನನಗೇ ನಾಚಿಕೆ ಬರುತ್ತಿತ್ತು. ಎದುರಿಗೆ ಹುಬ್ಬಿಲ್ಲ, ಕೈ ಇಲ್ಲ, ಹಿಂದಿನ ಬೆಂಚಿಲ್ಲ. ತೊಗರಿ ಚೀಲಗಳು ಇದ್ದವು.

ಕಳಿಸಿದ ಮರುಗಳಿಗೆಗೇ ಉತ್ತರಗಳು ಬರುತ್ತಿದ್ದವು. ಹತ್ತು ನಿಮಿಷದ ಪಾಠ ಇನ್ನೂ ಅವರ ಫೋನಿಗೆ ಇಳಿದೂ ಇರಲಿಕ್ಕಿಲ್ಲ, ಅಷ್ಟರಲ್ಲಿ ‘ತಿಳೀತ್ರಿ ಸರ್’, ಕೈ ಮುಗಿದ ಚಿತ್ರ. ‘ಹೌದ್ರಿ ಸರ್’, ಮತ್ತೆ ಕೈ ಮುಗಿದ ಚಿತ್ರ. ಯಾರು ಬರೆದದ್ದು? ಮಗುವೋ, ಅಪ್ಪನೋ, ಅಣ್ಣನೋ? ಗೊತ್ತಾಗುವ ಬಗೆ ಯಾವುದು? ಇಷ್ಟು ವರ್ಷ ನಾನು ಯಾವ ಮಾತನ್ನು ನಂಬದೆ ಪಾಠ ಮಾಡಿಕೊಂಡು ಬಂದಿದ್ದೆನೋ, ಈಗ ಆ ಮಾತೊಂದೇ ನನ್ನ ಕೈಯಲ್ಲಿ ಉಳಿದಿತ್ತು. ಅದನ್ನೇ ಬರೆದು ಮೇಲಿನವರಿಗೆ ಕಳಿಸುತ್ತಿದ್ದೆ: ಮಕ್ಕಳಿಗೆ ತಿಳಿದಿದೆ.

ನಮಗೂ ಫೋನಿನಲ್ಲೇ ತರಬೇತಿ ಇಟ್ಟಿದ್ದರು, ದೂರದಿಂದ ಪಾಠ ಮಾಡುವುದು ಹೇಗೆ ಅಂತ. ಯಾರೋ ಸಾಹೇಬರು ಒಂದು ತಾಸು ಮಾತಾಡಿದರು. ನನ್ನ ಫೋನಿನಲ್ಲಿ ಅರ್ಧ ಮಾತು ಬಂತು, ಅರ್ಧ ಬರಲಿಲ್ಲ. ಕೊನೆಗೆ ಅವರು ‘ಎಲ್ಲರಿಗೂ ಅರ್ಥ ಆಯ್ತಲ್ಲ?’ ಅಂದರು. ಮೂರು ತಾಲ್ಲೂಕಿನ ಮಾಸ್ತರರು ಒಬ್ಬರ ಹಿಂದೆ ಒಬ್ಬರು ‘ಹೌದು ಸರ್’, ‘ತುಂಬಾ ಉಪಯುಕ್ತ ಸರ್’ ಅಂತ ಬರೆದರು. ನಾನೂ ಬರೆದೆ. ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಹೆಂಡತಿ ಇಣುಕಿ ನೋಡಿ, “ನಿಮ್ಮ ಹುಡುಗರಕಿಂತ ನೀವೇ ಶಾಣ್ಯಾ ಇದ್ದೀರಿ ಬಿಡ್ರಿ” ಅಂದಳು. ನಕ್ಕೆವು. ನಗುವುದು ಬಿಟ್ಟು ಇನ್ನೇನು ಮಾಡಲು ಬರುವಂತಿತ್ತು?

ಇದೆಲ್ಲ ಹೇಗೋ ನಡೆಯಲಿ, ಆ ಹುಡುಗಿಯದೇನು ಅನ್ನುವುದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಉಳಿದವರು ಒಂದಲ್ಲ ಒಂದು ದಿನ ಕಿವಿಗೊಟ್ಟು ಕೇಳಿಯಾರು. ಅವಳು ಏನು ಮಾಡಬೇಕು? ಅವಳಿಗೆ ಕನ್ನಡ ಬರುತ್ತಿದ್ದದ್ದೇ ಶಾಲೆಯ ತುಟಿಗಳಿಂದ. ಅಮ್ಮನಿಗೆ ಕನ್ನಡ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಶಾಲೆ ಮುಚ್ಚಿದರೆ ಅವಳ ಪಾಲಿಗೆ ಪಾಠ ಅಷ್ಟೇ ಅಲ್ಲ, ಪಾಠದ ಮಾತೂ ಮುಚ್ಚಿದ ಹಾಗೆ. ಇನ್ನೊಂದು ವರ್ಷ ಎದುರಿಗೆ ಕೂತಿದ್ದರೆ ಅವಳು ತಾನಾಗಿ ಓದಿ ತಿಳಿದುಕೊಳ್ಳುವಷ್ಟು ಗಟ್ಟಿಯಾಗುತ್ತಿದ್ದಳು. ಆ ಒಂದು ವರ್ಷವೇ ಕೈಬಿಟ್ಟು ಹೋಗುತ್ತಿತ್ತು.

ಆಡಿಯೋ ಬಿಟ್ಟು ವಿಡಿಯೋ ಮಾಡಿದೆ. ಮೀಸೆ ಬೆಳೆಯದಂತೆ ಎರಡು ದಿನಕ್ಕೊಮ್ಮೆ ನಾನೇ ಬೋಳಿಸಿಕೊಳ್ಳುತ್ತಿದ್ದೆ. ಕಿಟಕಿಯ ಬೆಳಕಿಗೆ ಮುಖ ಕೊಟ್ಟು, ಒಂದೊಂದೇ ಮಾತನ್ನು ತುಟಿ ಅರಳಿಸಿ ಹೇಳಿ ಕಳಿಸಿದೆ. ಅವಳ ಅಪ್ಪನ ಫೋನಿನಿಂದ ಉತ್ತರ ಬಂತು, ಬರೆದದ್ದಲ್ಲ, ಮಾತಾಡಿದ್ದು: “ಸರ್, ವಿಡಿಯೋ ತಿರಗಾಕತ್ತದ, ತಿರಗಾಕತ್ತದ, ಬರವಲ್ದು. ಫಿಕರ್ ಮಾಡಬ್ಯಾಡ್ರಿ, ಬಂದಮ್ಯಾಲೆ ತೋರಸ್ತೇನಿ.” ಒಂದು ವಾರ ಅದು ತಿರುಗುತ್ತಲೇ ಇತ್ತು.

ಆಳಂದದಲ್ಲಿ ನನ್ನ ಹೆಂಡತಿಯ ತಮ್ಮ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವನನ್ನು ಕೇಳಿದೆ. ವಿಡಿಯೋವನ್ನು ಸಣ್ಣದು ಮಾಡಿ ಕಳಿಸುವ ವಿದ್ಯೆ ಹೇಳಿಕೊಟ್ಟ. ಸಣ್ಣದು ಮಾಡಿದೆ, ಹೋಯಿತು, ಇಳಿಯಿತು. ನಾನೇ ತೆರೆದು ನೋಡಿದರೆ ಮೂಗಿನ ಕೆಳಗೆ ಎಲ್ಲ ಕಲಸಿಹೋಗಿತ್ತು. ಅದರ ಮೇಲೆ ದನಿ ಮುಂದೆ, ಚಿತ್ರ ಹಿಂದೆ. ಮತ್ತೆ ಅವನಿಗೇ ಫೋನ್ ಮಾಡಿದೆ. ಅವನು ಕೇಳಿಸಿಕೊಂಡು, “ಮಾಮಾ, ದನಿ ಚೊಲೊ ಬರಾಕತ್ತದಲ್ಲ. ಪಾಠಕ್ಕ ಮತ್ತೇನ ಬೇಕ್ರಿ?” ಅಂದ. ಎಲ್ಲರೂ ಹೀಗೇ ಅನ್ನುತ್ತಿದ್ದರು, ದನಿ ಮುಟ್ಟಿತಲ್ಲ, ಸಾಕು ಅಂತ.

ಲಾಕ್‌ಡೌನ್ ಸಡಿಲಾಯಿತು. ಜನಕ್ಕೆ ಅದು ಒಳ್ಳೆಯ ಸುದ್ದಿ, ನನಗೆ ಕೆಟ್ಟ ಸುದ್ದಿ. ಟಂಟಂ ಮತ್ತೆ ರಸ್ತೆಗೆ ಇಳಿಯಿತು, ಅದರ ಜೊತೆ ಅವಳ ಅಪ್ಪ, ಅಪ್ಪನ ಕಿಸೆಯಲ್ಲಿ ದೊಡ್ಡ ಫೋನು. ಮುಂಜಾನೆ ಹೋದದ್ದು ಸಂಜೆಯ ತನಕ ಬರುವಂತಿರಲಿಲ್ಲ. ಹೊಟ್ಟೆಪಾಡು, ಬೇಡ ಅನ್ನಲು ನಾನು ಯಾರು? ಮನೆಯಲ್ಲಿ ಅಮ್ಮನ ಹತ್ತಿರ ಉಳಿದದ್ದು ಬಟನ್ ಫೋನು. ಅದರಲ್ಲಿ ಮಾತು ಬಿಟ್ಟು ಏನೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆ ಬಟನ್ ಫೋನಿಗೆ ಮಾಡಿದೆ. ಅಮ್ಮ ಎತ್ತಿಕೊಂಡಳು. ಹುಡುಗಿ ಓದುತ್ತಿದ್ದಾಳಾ ಅಂತ ಕೇಳಿದೆ.

“ಹೌದ್ರಿ ಸರ್, ದಿನಾ ಕೇಳ್ತಾಳ್ರಿ. ಅಕಿ ಅಪ್ಪಾ ಸಂಜಿಕ್ ಬಂದಮ್ಯಾಲೆ ನಿಮ್ಮ ಪಾಠ ಹಚ್ಚೇ ಹಚ್ತೇನ್ರಿ. ಒಂದು ದಿನಾನೂ ಬಿಟ್ಟಿಲ್ರಿ.”

“ಹ್ಯಾಂಗ ಕೇಳ್ತಾಳವ್ವಾ ಅಕಿ?”

“ಕಿವಿಗಿ ಹಿಡೀತೇನ್ರಿ. ಪೂರಾ ದನಿ ಇಟ್ಟು ಕಿವಿಗಿ ಒತ್ತಿ ಹಿಡೀತೇನ್ರಿ ಸರ್. ಮುಗಿಯೂತನಾ ಅಲುಗಾಡಗೊಡಂಗಿಲ್ಲ ಅಕಿಗಿ.”

ಹೊಲದಲ್ಲಿ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋದ ಹೆಂಗಸು ಸಂಜೆ ಮನೆಗೆ ಬಂದು, ಒಲೆ ಹಚ್ಚುವ ಮೊದಲು, ಕಿವಿ ಕೇಳದ ಮಗಳ ಕಿವಿಗೆ ನನ್ನ ಭಿನ್ನರಾಶಿಯನ್ನು ಒತ್ತಿ ಹಿಡಿದು ಕೂರುತ್ತಿದ್ದಳು. ತಾನು ಶಾಲೆಯ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇನೆ ಅಂತ ಅವಳ ನಂಬಿಕೆ.

“ಅಕಿಗಿ ಫೋನ್ ಕೊಡವ್ವಾ” ಅಂದೆ. ಕೊಟ್ಟು ಪ್ರಯೋಜನವಿಲ್ಲ ಅಂತ ಗೊತ್ತಿದ್ದರೂ ಅಂದೆ. ಅವಳ ದನಿ ಕೇಳಬೇಕಾಗಿತ್ತು. ಆ ಕಡೆ ಬಳೆಗಳ ಸದ್ದಾಯಿತು, ಅಮ್ಮ ಉರ್ದುವಿನಲ್ಲಿ ಏನೋ ಅಂದಳು. ಆಮೇಲೆ ಅದೇ ಏರಿಳಿತವಿಲ್ಲದ ಜೋರು ದನಿ: “ಹೌದ್ರಿ ಸರ್.”

ನಾನು ಏನನ್ನೂ ಕೇಳಿಯೇ ಇರಲಿಲ್ಲ.

ಅಮ್ಮ ಮತ್ತೆ ಫೋನ್ ತೆಗೆದುಕೊಂಡಳು. ನಾನು ಆದಷ್ಟು ಮೆತ್ತಗೆ, ಹಾಗೆ ಹೇಳಿಸಬೇಡವ್ವಾ, ತಿಳೀಲಿಲ್ಲ ಅಂದರೆ ಇಲ್ಲ ಅನ್ನಲಿ, ಅಕಿ ಇಲ್ಲ ಅಂದರೆ ನನಗೆ ಬೇಜಾರಿಲ್ಲ, ನನಗೆ ಅದೇ ಬೇಕು ಅಂತ ಹೇಳಿದೆ. ಅವಳಿಗೆ ನಾನು ದೊಡ್ಡ ಮನಸ್ಸಿನಿಂದ ಹಾಗನ್ನುತ್ತಿದ್ದೇನೆ ಅನ್ನಿಸಿರಬೇಕು. “ಹಾಂಗ ಅಂದ್ರ ಹ್ಯಾಂಗ್ರಿ ಸರ್? ನೀವು ಇಷ್ಟು ದೂರದಿಂದ ನಮ್ಮ ಸಲುವಾಗಿ ಫೋನ್ ಹಚ್ತೀರಿ. ಇಲ್ಲ ಅಂದ್ರ ನಿಮಗ ಮರ್ಯಾದಿ ಕೊಟ್ಟಂಗ ಆಗ್ತದೇನ್ರಿ? ಹುಡುಗಿ ಮೊದಲ ಹಾಂಗ ಅಂತಿತ್ತಂತ, ಕೇಳೇನಿ. ಈಗ ರೂಢಿ ಬಿಡಿಸೇನ್ರಿ” ಅಂದಳು.

ಎದುರಿಗೆ ಇದ್ದಿದ್ದರೆ ಹೇಗಾದರೂ ತಿಳಿಸಿ ಹೇಳುತ್ತಿದ್ದೆ. ಫೋನಿನಲ್ಲಿ ‘ಹೌದ್ರಿ, ಹೌದ್ರಿ’ ಅನ್ನುತ್ತಲೇ ಇದ್ದಳು, ನಾನು ಹೇಳಿದ್ದು ಎಲ್ಲಿಗೂ ಇಳಿಯಲಿಲ್ಲ.

ಮಳೆಗಾಲದ ಹೊತ್ತಿಗೆ ಮಾಸ್ತರರೇ ಊರಿಗೆ ಹೋಗಿ ಗಿಡದ ಕೆಳಗೆ, ಗುಡಿ ಕಟ್ಟೆಯ ಮೇಲೆ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಮಾಡಬೇಕು ಅಂತ ಆಯಿತು. ನನಗೆ ಹೋದ ಜೀವ ಬಂದಂತಾಯಿತು. ಅಫಜಲಪುರದ ಬಜಾರಿನಲ್ಲಿ ಹುಡುಕಾಡಿ, ಮುಖದ ಮುಂದೆ ಇಳಿಬಿಡುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಂದೆ. ಮಾಸ್ಕಿನ ಬದಲು ಅದನ್ನೇ ಹಾಕಿಕೊಂಡರೆ ತುಟಿ ಕಾಣುತ್ತದಲ್ಲ ಅಂತ ನನ್ನ ಉಪಾಯ.

ಊರಿನ ದೊಡ್ಡ ಬೇವಿನ ಮರದ ಕೆಳಗೆ ಮಕ್ಕಳು ಕೂತಿದ್ದರು. ಅವಳು ಮುಂದೆ ಬಂದು ಕೂತಳು. ನನ್ನನ್ನು ನೋಡಿ ನಕ್ಕಳು. ನಾನು ಶುರು ಮಾಡಿದ ಎರಡೇ ಮಾತಿಗೆ ನನ್ನ ಉಸಿರು ಆ ಹಾಳೆಗೆಲ್ಲ ಮಂಜಿನಂತೆ ಹತ್ತಿತು. ಒರೆಸಿದೆ. ಈ ಸಲ ಎಲೆಗಳ ನಡುವಿನ ಬಿಸಿಲು ಅದರ ಮೇಲೆ ಬಿದ್ದು ಥಳಥಳ ಅಂದಿತು. ಅವಳು ಕತ್ತನ್ನು ಆ ಕಡೆ ವಾಲಿಸಿ, ಈ ಕಡೆ ವಾಲಿಸಿ ನೋಡಿದಳು. ಎದ್ದು ಇನ್ನೂ ಮುಂದೆ ಬಂದಳು. ನನಗೂ ತಡೆಯಲಾಗದೆ ಆ ಹಾಳೆಯನ್ನು ಹಣೆಯ ಮೇಲಕ್ಕೆ ಎತ್ತಿದೆ.

“ಸರ್, ಅದನ್ನ ಇಳಿಸ್ರಿ” ಅಂತ ಕಟ್ಟೆಯ ಮೇಲಿಂದ ಹಿರಿಯರೊಬ್ಬರು ಅಂದರು. ಸಿಟ್ಟಿನಿಂದಲ್ಲ, ಕೈ ಮುಗಿದು ಅಂದರು. ಹಿಂದಿನ ವಾರವೇ ಅವರ ಮನೆಯಿಂದ ಒಂದು ಹೆಣ ಹೋಗಿತ್ತು. “ನೀವು ಊರೂರು ತಿರಗಿ ಬರ್ತೀರಿ. ಹುಡುಗೂರು ಸಣ್ಣವು ಅವ.” ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಇಳಿಸಿಕೊಂಡೆ. ಆ ಹುಡುಗಿಯನ್ನು ದೂರ ಹೋಗಿ ಕೂರಲು ನಾನೇ ಕೈ ಮಾಡಿ ಹೇಳಬೇಕಾಯಿತು. ಅವಳಿಗೆ ಅದು ಮಾತ್ರ ಚೆನ್ನಾಗಿ ತಿಳಿಯಿತು, ಎದ್ದು ಹಿಂದೆ ಹೋಗಿ ಕೂತಳು.

ಮುಂದಿನ ವಾರಗಳಲ್ಲಿ ಏನಾದರೂ ದಾರಿ ಹುಡುಕುತ್ತಿದ್ದೆನೋ ಏನೋ. ಅಷ್ಟರಲ್ಲಿ ಅಲ್ಲಿ ಇಲ್ಲಿ ಮಾಸ್ತರರಿಗೇ ಬೇನೆ ಬಂತು ಅಂತ ಸುದ್ದಿಯಾಗಿ ಗಿಡದ ಕೆಳಗಿನ ಪಾಠವೂ ನಿಂತಿತು. ಮತ್ತೆ ತೊಗರಿ ಚೀಲದ ಕೋಣೆ, ಮತ್ತೆ ‘ಮಕ್ಕಳೇ’. ಮತ್ತೆ ಕೈ ಮುಗಿದ ಚಿತ್ರಗಳು. ಬೇಸಿಗೆಗೆ ಬೇನೆ ಇನ್ನೊಮ್ಮೆ ಜೋರಾಗಿ ಬಂತು. ಆಗ ನಮ್ಮಪ್ಪ ಹೋದರು, ಅಷ್ಟರಲ್ಲಿ ಮತ್ತೆ ಬೆಳೆದಿದ್ದ ಮೀಸೆಯನ್ನು ನಾನು ತೆಗೆಸಿದ್ದು ಈ ಸಲ ನಿಜವಾದ ಕಾರಣಕ್ಕೆ. ಆಮೇಲೆ ಬಹಳ ದಿನ ನನಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಮೀಸೆ ತನ್ನಷ್ಟಕ್ಕೆ ಬೆಳೆಯಿತು, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಪರೀಕ್ಷೆಯಿಲ್ಲದೆ ಎಲ್ಲ ಮಕ್ಕಳೂ ಪಾಸಾದರು. ಅವಳೂ ಪಾಸು.

ಶಾಲೆ ಮತ್ತೆ ತೆರೆಯುತ್ತದೆ ಅಂತ ಗಟ್ಟಿಯಾದಾಗ ಹಿಂದಿನ ದಿನವೇ ಕ್ಷೌರದಂಗಡಿಗೆ ಹೋದೆ. ಅವನು ಕತ್ತರಿ ಹಿಡಿದು ಗಾಬರಿಯಿಂದ, “ಮತ್ತ ಯಾರ್ರಿ ಸರ್?” ಅಂದ. ಯಾರೂ ಇಲ್ಲ, ಶಾಲೆ ಶುರು ಆಗ್ತದ ಅಂದೆ. ಅವನು ತನ್ನ ಕೆಲಸ ಮುಗಿಸಿದ.

ಐದನೇ ಇಯತ್ತೆಯಲ್ಲಿ ಬಿಟ್ಟಿದ್ದ ಮಕ್ಕಳು ಈಗ ಏಳನೆಯದರಲ್ಲಿ ಕೂತಿದ್ದರು. ಹುಡುಗರ ದನಿ ಒಡೆದಿತ್ತು. ಇಬ್ಬರು ಬಂದೇ ಇರಲಿಲ್ಲ, ಪುಣೆಯ ಕಡೆ ತಂದೆ ತಾಯಿಯ ಜೊತೆ ದುಡಿಯಲು ಹೋಗಿದ್ದರಂತೆ. ಬೆಂಚಿಗೆ ಇಷ್ಟೇ ಮಂದಿ ಅಂತ ಲೆಕ್ಕ ಹಾಕಿ ಕೂರಿಸಿದ್ದರಿಂದ ಅವಳು ಮೊದಲ ಸಾಲಿನಲ್ಲಿ ಇರಲಿಲ್ಲ, ನಡುವೆ ಎಲ್ಲೋ ಇದ್ದಳು. ಎತ್ತರವಾಗಿದ್ದಳು, ತಲೆಯ ಮೇಲೆ ದುಪಟ್ಟಾ ಬಂದಿತ್ತು. ಅವಳನ್ನು ಕರೆದು ಬಾಗಿಲ ಪಕ್ಕದ ಹಳೆಯ ಜಾಗದಲ್ಲಿ ಕೂರಿಸಿದೆ. ನಾನು ಬಾಗಿಲ ಹತ್ತಿರ ಗಾಳಿಯಲ್ಲಿ, ಎಲ್ಲರಿಂದ ದೂರ ನಿಂತು ಮಾಸ್ಕ್ ತೆಗೆದೆ. ಹೆಡ್ ಮಾಸ್ತರರು ಕಂಡರೆ ಕಾಣಲಿ ಅನ್ನಿಸಿತು.

ಹೊಸ ಪಾಠ ಬೇಡ ಅಂತ ಅದೇ ಅರ್ಧ, ಕಾಲು, ಮುಕ್ಕಾಲು ತೆಗೆದೆ. ಬೋರ್ಡಿಗೆ ಬೆನ್ನು ಮಾಡಿ, ಅವಳ ಕಡೆ ಮುಖ ಮಾಡಿ, ಮಾತು ಮಾತು ಬಿಡಿಸಿ ಹೇಳಿದೆ. ಮುಗಿಸಿ, “ತಿಳೀತೇನು?” ಅಂದೆ.

“ಹೌದ್ರಿ ಸರ್” ಅಂತ ಕೋಣೆ ಕೂಗಿತು. ಅವರ ಜೊತೆಗೇ, ಒಂದು ಗಳಿಗೆಯೂ ಹಿಂದೆ ಬೀಳದೆ, ಅವಳೂ ಅಂದಳು.

ಬೋರ್ಡಿಗೆ ಕರೆದೆ. ಸೀಮೆಸುಣ್ಣ ಹಿಡಿದು ನಿಂತಳು. ಕೈ ಓಡಲಿಲ್ಲ. ಕೂರಲು ಹೇಳಿದೆ. ಪರವಾಗಿಲ್ಲ, ಮರೆತಿರುತ್ತಾಳೆ, ಎಲ್ಲರೂ ಮರೆತಿದ್ದಾರೆ ಅಂದುಕೊಂಡು ಮತ್ತೆ ಮೊದಲಿನಿಂದ ಹೇಳಿದೆ. ಹಿಂದಿನಿಂದ ಯಾರೋ ಹಳೆಯ ನೆನಪಿಗೆ ಅವಳ ಬೆನ್ನಿಗೆ ತಿವಿದರು. ಅವಳು ತಿರುಗಿಯೂ ನೋಡಲಿಲ್ಲ. ನಾನು ತಿಳೀತೇನು ಅನ್ನುವ ಮೊದಲೇ, ನನ್ನ ತುಟಿ ನಿಂತದ್ದನ್ನು ಕಂಡು, “ಹೌದ್ರಿ ಸರ್” ಅಂದಳು.

ಬೇಕಂತಲೇ ತಪ್ಪು ಹೇಳಿದೆ. “ಅರ್ಧಕ್ಕಿಂತ ಕಾಲು ದೊಡ್ಡದು. ಹೌದೋ ಅಲ್ಲೋ?” ರೊಟ್ಟಿಯ ಚೂರು ಸಣ್ಣದು ಅಂತ ನನ್ನನ್ನು ಎಲ್ಲರೆದುರು ತಿದ್ದಿದವಳು ಇವಳೇ.

“ಹೌದ್ರಿ ಸರ್.”

ಆಮೇಲೆ ನಾನು ಗಣಿತ ಬಿಟ್ಟೆ. ಅವಳ ಬೆಂಚಿನ ಮುಂದೆ ಮೊಣಕಾಲೂರಿ, ಮುಖಕ್ಕೆ ಮುಖ ಕೊಟ್ಟು, ಬರಿ ತುಟಿಯಲ್ಲಿ ಒಂದೊಂದೇ ಮಾತು ಬಿಡಿಸಿ ಕೇಳಿದೆ: “ಮುಂಜಾನಿ ಏನ್ ತಿಂದಿ?”

“ಹೌದ್ರಿ ಸರ್” ಅಂದಳು.

ನಾನು ಎದ್ದೇಳಲಿಲ್ಲ. ಅವಳು ನನ್ನ ತುಟಿಯನ್ನು ನೋಡುತ್ತಿರಲಿಲ್ಲ. ತಾನು ಅಂದದ್ದು ನನಗೆ ಸರಿ ಹೋಯಿತೋ ಇಲ್ಲವೋ ಅಂತ, ಅಮ್ಮ ಹೇಳಿಕೊಟ್ಟ ಸಭ್ಯತೆಯಿಂದ, ನನ್ನ ಕಣ್ಣನ್ನು ನೋಡುತ್ತಿದ್ದಳು.